ಸೋಮವಾರ ಬೆಳಗಿನ ಐದು ಗಂಟೆ ನೆನಪಿಟ್ಟು ಮನೆ ಹುಡುಕಿ

ಪ್ರಶ್ನೆ: ಅಕ್ಕ, ನಮಸ್ಕಾರ. ನಾನು ತೀರ್ಥಹಳ್ಳಿಯವಳು, ಮದುವೆಯಾಗಿ ಬೆಂಗಳೂರಿಗೆ ಬರುತ್ತಿದ್ದೇನೆ. ನನ್ನ ಆಫೀಸು ವೈಟ್‌ಫೀಲ್ಡ್‌ನಲ್ಲಿ, ವಾರಕ್ಕೆ ಮೂರು ದಿನ ಹೋದರೆ ಸಾಕು. ನಮ್ಮನೆಯವರದು ಪೀಣ್ಯದ ಕಾರ್ಖಾನೆ, ತಿಂಗಳಿಗೆ ಎರಡೇ ಶನಿವಾರ ರಜೆ. ಇಬ್ಬರಿಗೂ ಬೆಟ್ಟ ಹತ್ತುವ ಹುಚ್ಚು. ಕಾರಿಲ್ಲ, ಸ್ಕೂಟರ್ ಇದೆ. ನನ್ನ ಆಫೀಸಿನ ಹತ್ತಿರ ಮನೆ ಮಾಡೋಣವೇ? ಮೈಸೂರಿನಲ್ಲಿದ್ದು ಓಡಾಡಿ ಅಂತಲೂ ಕೆಲವರು ಹೇಳುತ್ತಾರೆ.
— ಎಸ್., ತೀರ್ಥಹಳ್ಳಿ

ಉತ್ತರ: ಮೈಸೂರನ್ನು ಮೊದಲು ಬಿಟ್ಟುಬಿಡಿ ತಂಗಿ. ಊರು ಚೆಂದ, ಕೊಡಗು ಹತ್ತಿರ, ಎಲ್ಲ ನಿಜ. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ಕೆಂಗೇರಿವರೆಗೆ ಬೇಗ ಬರಬಹುದು. ಆದರೆ ನಿಮ್ಮ ಆಫೀಸು ಬೆಂಗಳೂರಿನ ಇನ್ನೊಂದು ತುದಿಯಲ್ಲಿದೆ. ನಿಮ್ಮನೆಯವರಿಗಂತೂ ದಿನಾ ಆಗುವ ಮಾತಲ್ಲ.

ವೈಟ್‌ಫೀಲ್ಡ್ ಕಡೆಯ ಕಷ್ಟ ನನಗೆ ಗೊತ್ತು. 2009ರಿಂದ ಆರು ವರ್ಷ ಮಾರತ್ತಹಳ್ಳಿಯಲ್ಲಿದ್ದೆ. ಆಫೀಸಿಗೆ ನಡೆದೇ ಹೋಗುತ್ತಿದ್ದೆ. ಎಲ್ಲರೂ ಪುಣ್ಯವಂತೆ ಅನ್ನುತ್ತಿದ್ದರು. ಶುಕ್ರವಾರ ಸಂಜೆಯಾದರೆ ಮಾತ್ರ ಎದೆ ಹೊಡೆದುಕೊಳ್ಳುತ್ತಿತ್ತು. ರಾತ್ರಿ ಸುಬ್ರಹ್ಮಣ್ಯದ ಬಸ್ಸು ಮೆಜೆಸ್ಟಿಕ್‌ನಿಂದ. ಏಳಕ್ಕೇ ಹೊರಟರೂ ದೊಮ್ಮಲೂರು ದಾಟುವಷ್ಟರಲ್ಲಿ ಎಂಟೂವರೆ. ಒಂದು ಸಲ ಕಾರ್ಪೊರೇಷನ್ ಹತ್ತಿರ ಇಳಿದು, ಬ್ಯಾಗು ಹೊತ್ತುಕೊಂಡು ಓಡಿದೆ. ಬಸ್ಸು ಹೋಗಿಯಾಗಿತ್ತು. ಕುಮಾರಪರ್ವತಕ್ಕೆ ಅಂತ ಕಟ್ಟಿಕೊಂಡಿದ್ದ ಚಪಾತಿ, ಚಟ್ನಿಪುಡಿಯನ್ನು ಶನಿವಾರ ಮನೆಯಲ್ಲೇ ಕೂತು ತಿಂದೆ. ತುಂಬ ಬೇಜಾರಾಗಿತ್ತು. ಸೋಮವಾರ ಇನ್ನೂ ಕಷ್ಟ. ಐದಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದು, ಮನೆ ಸೇರಿ, ಸ್ನಾನ ಮುಗಿಸಿ ಮತ್ತೆ ಆಫೀಸು. ವರ್ಷಕ್ಕೆ ಹದಿನೈದು ಸಲ ಹೋಗಬೇಕು ಅಂದುಕೊಂಡಿದ್ದು ನಾಲ್ಕಕ್ಕೆ ಇಳಿಯಿತು.

2015ರಲ್ಲಿ ಮೆಟ್ರೋ ಮೈಸೂರು ರಸ್ತೆಯವರೆಗೆ ಬಂತು. ಆಗ ನಾನು ಅತ್ತಿಗುಪ್ಪೆಗೆ ಬಂದೆ. ನಿಮಗೂ ಅದನ್ನೇ ಹೇಳುತ್ತೇನೆ. ವಿಜಯನಗರ, ಅತ್ತಿಗುಪ್ಪೆ, ಹಂಪಿನಗರ, ಈ ಸುತ್ತಿನಲ್ಲಿ ಮೆಟ್ರೋಗೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ನೋಡಿ. ಘಟ್ಟ ಇರುವುದು ಪಶ್ಚಿಮಕ್ಕೆ. ನೀವೂ ಆ ಕಡೆಯೇ ಇದ್ದರೆ ಊರು ದಾಟುವ ಕೆಲಸ ಉಳಿಯುತ್ತದೆ. ವಿಜಯನಗರದಿಂದ ಮೆಟ್ರೋದಲ್ಲಿ ನಾಲ್ಕನೇ ನಿಲ್ದಾಣವೇ ಮೆಜೆಸ್ಟಿಕ್. ಸುಬ್ರಹ್ಮಣ್ಯ, ಚಿಕ್ಕಮಗಳೂರು, ನಿಮ್ಮ ತೀರ್ಥಹಳ್ಳಿ, ಎಲ್ಲ ಬಸ್ಸೂ ಅಲ್ಲಿಂದಲೇ. ಪಕ್ಕದಲ್ಲೇ ರೈಲು ನಿಲ್ದಾಣ. ಹಾಸನ, ಸಕಲೇಶಪುರದ ಮೇಲೆ ಹೋಗುವ ಕಾರವಾರದ ರೈಲು ಹಿಡಿದರೆ ಸುಬ್ರಹ್ಮಣ್ಯ ರೋಡ್‌ನಲ್ಲಿ ಇಳಿಯಬಹುದು. ಕೊಡಗಿಗೆ, ತಡಿಯಂಡಮೋಳಿಗೆ ಹೋಗುವುದಾದರೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಇನ್ನೂ ಹತ್ತಿರ.

ನಿಮ್ಮ ಆಫೀಸಿನ ದೂರ ಜಾಸ್ತಿ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಗಂಟೆಗೂ ಮೇಲೆ. ಆದರೆ 2023ರ ಅಕ್ಟೋಬರ್‌ನಿಂದ ವಿಜಯನಗರದ ಮೇಲೆ ಹೋಗುವ ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಆಗಿದೆ, ಎಲ್ಲೂ ಇಳಿದು ಹತ್ತಬೇಕಿಲ್ಲ. ಮೆಜೆಸ್ಟಿಕ್‌ನಲ್ಲಿ ಹತ್ತುವವರಿಗೆ ಬೆಳಗ್ಗೆ ನಿಲ್ಲಲು ಜಾಗ ಸಿಕ್ಕರೆ ಹೆಚ್ಚು. ಅದಕ್ಕಿಂತ ಮೊದಲೇ, ಸ್ವಲ್ಪ ಬೇಗ ಹತ್ತಿದರೆ ಸೀಟು ಸಿಗುವ ಸಾಧ್ಯತೆ ಇದೆ. ವಾರಕ್ಕೆ ಮೂರು ದಿನ ತಾನೇ? ತಡೆದುಕೊಳ್ಳಬಹುದು. ನಿಮ್ಮನೆಯವರು ಸ್ಕೂಟರಿನಲ್ಲಿ ಸುಮನಹಳ್ಳಿ, ಲಗ್ಗೆರೆ ಕಡೆಯಿಂದ ಪೀಣ್ಯ ಸೇರುತ್ತಾರೆ. 2025ರ ಜನವರಿಯಿಂದ ಸೋಮವಾರ ಮಾತ್ರ ಮೆಟ್ರೋ 4:15ಕ್ಕೇ ಶುರುವಾಗುತ್ತಿದೆ. ಊರಿಂದ ಬರುವ ನಮ್ಮಂಥವರಿಗೆ ಇದು ಎಷ್ಟು ಉಪಕಾರ ಅಂತ ಮಾತಿನಲ್ಲಿ ಹೇಳಲಾರೆ. ಐದಕ್ಕೆ ಬಸ್ಸಿಳಿದರೆ ಐದೂವರೆಗೆ ಹಾಸಿಗೆಯಲ್ಲಿರುತ್ತೀರಿ.

ಇನ್ನೊಂದು ಮಾತು. ತಿಂಗಳಿಗೆ ಎರಡೇ ಶನಿವಾರ ಅಂದಿರಲ್ಲ, ಆ ಎರಡೂ ಘಟ್ಟಕ್ಕೆ ಸಿಗುವುದಿಲ್ಲ. ಮಳೆಗಾಲದಲ್ಲಿ ಕೆಲವು ದಾರಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ. ಕುಮಾರಪರ್ವತಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಮೊದಲೇ ಮಾಡಿಸಬೇಕು. ಹಾಗಾಗಿ ಉಳಿದ ಭಾನುವಾರಗಳಿಗೆ ಹತ್ತಿರದ ಕಲ್ಲುಬೆಟ್ಟಗಳನ್ನು ಪ್ರೀತಿಸಿ. ಮಾಗಡಿ ರಸ್ತೆ ಹಿಡಿದರೆ ಸಾವನದುರ್ಗ, ತುಮಕೂರು ರಸ್ತೆಯಲ್ಲಿ ಶಿವಗಂಗೆ, ಮೈಸೂರು ರಸ್ತೆಯಲ್ಲಿ ರಾಮನಗರ. ಬೆಳಗ್ಗೆ ಐದಕ್ಕೆ ಸ್ಕೂಟರ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ. ಮಲೆನಾಡಿನವರಿಗೆ ಮೊದಮೊದಲು ಇವು ಬೋಳು ಅನ್ನಿಸಬಹುದು. ಶಿವಗಂಗೆಯ ತುದಿಯಲ್ಲಿ ಒಂದು ಬೆಳಗ್ಗೆ ಗಾಳಿಗೆ ಮುಖ ಒಡ್ಡಿ ನಿಂತು ನೋಡಿ, ಆಮೇಲೆ ನನಗೆ ಬರೆಯಿರಿ. ವೈಟ್‌ಫೀಲ್ಡ್‌ನಲ್ಲಿದ್ದರೆ ಕೋಲಾರದ ಅಂತರಗಂಗೆ ಹತ್ತಿರ, ಅದೊಂದು ಅನುಕೂಲ ಆ ಕಡೆಯವರಿಗಿದೆ.

ಅಡ್ವಾನ್ಸ್ ಕೊಡುವ ಮೊದಲು ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳಿ. ಮನೆಯಿಂದ ಮೆಟ್ರೋವರೆಗೆ ತುಂಬಿದ ಬ್ಯಾಗು ಹೊತ್ತು ಒಂದು ಸಲ ನಡೆಯಿರಿ. ಹತ್ತು ನಿಮಿಷ ದಾಟಿದರೆ ಬೇರೆ ಮನೆ ನೋಡಿ. ಒದ್ದೆ ಶೂ, ಟೆಂಟು ಒಣಗಿಸಲು ತಾರಸಿ ಬಳಸಬಹುದಾ ಅಂತ ಮಾಲೀಕರನ್ನು ಈಗಲೇ ಕೇಳಿಬಿಡಿ.