ಫ್ರಿಜ್ಜಿಗೆ ಎಂಥ ಥರ್ಮಾಮೀಟರ್?

ಪ್ರಶ್ನೆ: ಗುಂಡಿ 3ರಲ್ಲಿದ್ದರೂ ಫ್ರಿಜ್ಜಿನಲ್ಲಿಟ್ಟ ಹಾಲು ಬೇಗ ಕೆಡುತ್ತಿದೆ. ಒಳಗಿನ ತಂಪು ಅಳೆಯಲು ಜ್ವರ ನೋಡುವ ಥರ್ಮಾಮೀಟರ್ ಆದೀತೇ? ಫ್ರೀಜರಿಗೂ ಅದೇ ಸಾಕೇ?

ಉತ್ತರ: ಆಗದು. ಜ್ವರ ನೋಡುವುದರ ಅಳತೆ ಶುರುವಾಗುವುದೇ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಿಂದ. ಗುಂಡಿಯ 3 ಕೂಡ ಡಿಗ್ರಿಯಲ್ಲ. ಹೆಚ್ಚಿನ ಫ್ರಿಜ್ಜುಗಳಲ್ಲಿ ಅಂಕಿ ಏರಿದಷ್ಟೂ ತಂಪು ಹೆಚ್ಚು ಎಂದಷ್ಟೇ ಅದರ ಅರ್ಥ. ಫ್ರಿಜ್ಜಿನೊಳಗೆ ಇರಬೇಕಾದದ್ದು 4 ಡಿಗ್ರಿ ಅಥವಾ ಕಡಿಮೆ, ಫ್ರೀಜರಿನಲ್ಲಿ ಮೈನಸ್ 18. ಹಾಗಾಗಿ ಮೈನಸ್ 30ರಿಂದ 30ರವರೆಗೆ ತೋರಿಸುವಂಥದ್ದನ್ನು ಕೊಂಡರೆ ಎರಡಕ್ಕೂ ಆಗುತ್ತದೆ.

ಮುಳ್ಳಿನ ಡಯಲ್ ಥರ್ಮಾಮೀಟರಿಗೆ ಬ್ಯಾಟರಿ ಬೇಡ, ಆದರೆ ಬಾಗಿಲು ತೆರೆದ ಕ್ಷಣದ ಅಂಕಿಯನ್ನಷ್ಟೇ ಹೇಳುತ್ತದೆ. ನಮ್ಮ ಆಯ್ಕೆ, ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್. ಸೆನ್ಸರ್ ಒಳಗೆ, ಪರದೆ ಹೊರಗೆ. ಇಡೀ ಉಪಕರಣವನ್ನೇ ಫ್ರೀಜರಿನಲ್ಲಿಟ್ಟರೆ ಚಳಿಗೆ ಬ್ಯಾಟರಿ ಸೊರಗುತ್ತದೆ, ಪರದೆಯ ಅಂಕಿಗಳೂ ಮಂಕಾಗುತ್ತವೆ. ಗರಿಷ್ಠ–ಕನಿಷ್ಠ ನೆನಪಿಡುವ ಸೌಲಭ್ಯ ಇರಲೇಬೇಕು; ರಾತ್ರಿ ಎಷ್ಟಕ್ಕೆ ಏರಿತ್ತು ಎಂಬುದು ಬೆಳಿಗ್ಗೆ ತಿಳಿಯುವುದು ಅದರಿಂದಲೇ. ದಶಾಂಶದ ಅಂಕಿ ಕಂಡು ಮರುಳಾಗಬೇಡಿ: 4.3 ಎಂದು ತೋರಿಸುವ ಉಪಕರಣವೂ ಒಂದು ಡಿಗ್ರಿ ಆಚೀಚೆ ಇರಬಹುದು. ದೂರದಿಂದ ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಮಾದರಿ ಮೇಲ್ಮೈಯನ್ನಷ್ಟೇ ಅಳೆಯುತ್ತದೆ. ಪಾದರಸದ ಗಾಜಿನ ಕೊಳವೆಯಂತೂ ಆಹಾರದ ಹತ್ತಿರ ಸುಳಿಯಲೇಬಾರದು.

ಕೊಂಡ ದಿನವೇ ಪರೀಕ್ಷಿಸಿ. ಸೆನ್ಸರ್ ನೀರಿಗೆ ತಾಳುವಂಥದ್ದಾಗಿದ್ದರೆ, ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದುಗಳು ತುಂಬುವಷ್ಟು ತಣ್ಣೀರು ಹೊಯ್ದು, ಕಲಕಿ, ಸೆನ್ಸರನ್ನು ನಡುಮಧ್ಯೆ ಅದ್ದಿ. ತಳಕ್ಕೆ ತಾಗಿಸಬೇಡಿ. ನಾಲ್ಕೈದು ನಿಮಿಷಕ್ಕೆ ಸೊನ್ನೆ ತೋರಿಸಬೇಕು. 1 ತೋರಿಸಿದರೆ ಫ್ರಿಜ್ಜಿನಲ್ಲೂ ಒಂದು ಡಿಗ್ರಿ ಕಳೆದು ಓದಿ. ನೀರು ಹೆಚ್ಚಾಗಿ ಐಸ್ ತೇಲಾಡುತ್ತಿದ್ದರೆ ಪರೀಕ್ಷೆಯೇ ತಪ್ಪುತ್ತದೆ.

ಇನ್ನು ಹಾಲಿನ ವಿಷಯ. ಗಾಳಿಯ ಉಷ್ಣತೆ ಬಾಗಿಲು ತೆರೆದಾಗೆಲ್ಲ ಜಿಗಿಯುತ್ತದೆ, ಹಾಲಿನದು ಹಾಗಲ್ಲ. ಆದ್ದರಿಂದ ಒಂದು ಲೋಟ ನೀರಿನಲ್ಲಿ ಸೆನ್ಸರ್ ಮುಳುಗಿಸಿ, ನಡುವಿನ ತಟ್ಟೆಯಲ್ಲಿ ರಾತ್ರಿಯಿಡೀ ಬಿಟ್ಟು ನೋಡಿ. 4ಕ್ಕಿಂತ ಹೆಚ್ಚಿದ್ದರೆ ಗುಂಡಿಯನ್ನು ಒಂದೇ ಹೆಜ್ಜೆ ತಿರುಗಿಸಿ, 24 ಗಂಟೆ ಕಾದು ಮತ್ತೆ ನೋಡಿ. ನಡುವೆ ಸರಿಯಿದ್ದೂ ಹಾಲು ಕೆಡುತ್ತಿದ್ದರೆ, ಅದನ್ನು ಬಾಗಿಲಲ್ಲಿ ಇಡುತ್ತಿದ್ದೀರೇನೋ; ಫ್ರಿಜ್ಜಿನಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಅದೇ. ಒಳಗಿನ ತಟ್ಟೆಗೆ ಸರಿಸಿ.

ಪ್ರಶ್ನೆ: ಫ್ರೀಜರಿನ ಅಂಕಿ ಆಗಾಗ ಮೈನಸ್ 18ರಿಂದ ಮೈನಸ್ 10ರ ಹತ್ತಿರ ಏರಿ ಮತ್ತೆ ಇಳಿಯುತ್ತದೆ. ಕೆಟ್ಟಿದೆಯೇ?

ಉತ್ತರ: ಫ್ರಾಸ್ಟ್-ಫ್ರೀ ಮಾದರಿಯಾದರೆ ಗಾಬರಿ ಬೇಡ. ಕೂಲಿಂಗ್ ಕಾಯಿಲ್ ಮೇಲೆ ಕಟ್ಟಿದ ಹಿಮ ಕರಗಿಸಲು ಹೀಟರ್ ಆಗಾಗ ತಾನೇ ಉರಿಯುತ್ತದೆ. ಆಗ ಗಾಳಿ ಬಿಸಿಯಾಗುತ್ತದೆಯೇ ಹೊರತು ಗಟ್ಟಿ ಪೊಟ್ಟಣಗಳಲ್ಲ. ಸೆನ್ಸರನ್ನು ಎರಡು ಹೆಪ್ಪುಗಟ್ಟಿದ ಪೊಟ್ಟಣಗಳ ನಡುವೆ ಸಿಕ್ಕಿಸಿ ನೋಡಿ. ಅಲ್ಲೂ ಅಷ್ಟೇ ಏರಿದರೆ, ತಂತಿ ಹಾದುಹೋಗುವ ಕಡೆ ಬಾಗಿಲಿನ ರಬ್ಬರ್ ಎದ್ದು ನಿಂತಿದೆಯೇ ಎಂದು ಮೊದಲು ಪರೀಕ್ಷಿಸಿ. ಅಲ್ಲಿ ಕಾಗದದ ಚೂರನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದಾಗ ಸಲೀಸಾಗಿ ಬಂದರೆ ಗಾಳಿ ನುಗ್ಗುತ್ತಿದೆ ಎಂದೇ ಅರ್ಥ.