ಸಾಯುವ ನಕ್ಷತ್ರಕ್ಕೆ ‘ಹೊಸತು’ ಎಂಬ ಹೆಸರೇ?

ಪ್ರಶ್ನೆ: ಸೂಪರ್ನೋವಾ ಎಂದರೆ ನಕ್ಷತ್ರದ ಸಾವು. ‘ಹೊಸದು’ ಎಂಬ ಅರ್ಥದ ನೋವಾ ಆ ಹೆಸರಿನೊಳಗೆ ಹೇಗೆ ಬಂತು? ಇದು ದೊಡ್ಡ ನೋವಾ ಅಷ್ಟೆಯೇ?

ಉತ್ತರ: ಹೆಸರಿಟ್ಟವರ ಕಣ್ಣಿಗೆ ಕಂಡದ್ದು ಹೊಸ ಚುಕ್ಕಿಯೇ. 1572ರ ನವೆಂಬರಿನಲ್ಲಿ ಕುಂತಿ, ಅಂದರೆ ಕ್ಯಾಸಿಯೋಪಿಯಾ ಪುಂಜದಲ್ಲಿ ಅದುವರೆಗೆ ಕಾಣದಿದ್ದ ತಾರೆಯೊಂದು ಶುಕ್ರನಷ್ಟು ಬೆಳಗಿತು. ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಮರುವರ್ಷ ಅದರ ಬಗ್ಗೆ ಲ್ಯಾಟಿನ್ನಿನಲ್ಲಿ ಪುಸ್ತಕ ಬರೆದು ‘ನೋವಾ ಸ್ಟೆಲ್ಲಾ’, ಹೊಸ ನಕ್ಷತ್ರ, ಎಂದ. ಮುಂದೆ ಸ್ಟೆಲ್ಲಾ ಉದುರಿ ವಿಶೇಷಣವೇ ನಾಮಪದವಾಯಿತು.

1920ರ ದಶಕದಲ್ಲಿ ಆಂಡ್ರೊಮಿಡಾ ಬೇರೆಯೇ ಗ್ಯಾಲಕ್ಸಿ ಎಂದು ಖಚಿತವಾದಾಗ ಲೆಕ್ಕ ತಪ್ಪಿತು. 1885ರಲ್ಲಿ ಅಲ್ಲಿ ಕಂಡಿದ್ದ ‘ನೋವಾ’ ಅಷ್ಟು ದೂರದಿಂದಲೂ ಬರಿಗಣ್ಣಿನ ಅಂಚಿಗೆ ಬಂದಿತ್ತು. ಎಂದರೆ ಮಾಮೂಲಿ ನೋವಾಗಳಿಗಿಂತ ಸಾವಿರಾರು ಪಟ್ಟು ಪ್ರಖರ. ಖಗೋಳವಿಜ್ಞಾನಿಗಳಾದ ವಾಲ್ಟರ್ ಬಾಡೆ ಮತ್ತು ಫ್ರಿಟ್ಜ್ ಜ್ವಿಕಿ 1934ರ ಪ್ರಬಂಧದಲ್ಲಿ ಇಂಥವನ್ನು ನಡುವೆ ಅಡ್ಡಗೆರೆ ಹಾಕಿ ‘ಸೂಪರ್-ನೋವಾ’ ಎಂದು ಬೇರ್ಪಡಿಸಿದರು. ಗೆರೆ ಆಮೇಲೆ ಬಿದ್ದುಹೋಯಿತು.

‘ದೊಡ್ಡ ನೋವಾ’ ಎಂಬ ತಿಳಿವಳಿಕೆ ಮಾತ್ರ ತಪ್ಪು. ನೋವಾದಲ್ಲಿ ಶ್ವೇತಕುಬ್ಜವೊಂದು, ಅಂದರೆ ಇಂಧನ ಮುಗಿದ ನಕ್ಷತ್ರದ ಉಳಿದ ತಿರುಳು, ಜೊತೆಗಾರ ನಕ್ಷತ್ರದಿಂದ ಹೈಡ್ರೋಜನ್ ಎಳೆದುಕೊಳ್ಳುತ್ತದೆ. ಮೇಲ್ಮೈಯಲ್ಲಿ ಜಮೆಯಾದ ಆ ಪದರ ಮಾತ್ರ ಸಿಡಿಯುತ್ತದೆ. ಕುಬ್ಜ ಉಳಿಯುತ್ತದೆ, ಮತ್ತೆ ಸಿಡಿಯಲೂಬಹುದು: ‘ಟಿ ಕೊರೋನೆ ಬೋರಿಯಾಲಿಸ್’ ಎಂಬ ನೋವಾ 1866ರಲ್ಲೂ 1946ರಲ್ಲೂ ಸಿಡಿದಿದೆ. ಸೂಪರ್ನೋವಾದಲ್ಲಿ ಎರಡನೇ ಸರದಿಯಿಲ್ಲ. ಸೂರ್ಯನ ಸುಮಾರು 8 ಪಟ್ಟಿಗಿಂತ ಭಾರದ ನಕ್ಷತ್ರದ ಕಬ್ಬಿಣದ ತಿರುಳು ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ. ಇಲ್ಲವೇ ಸೂರ್ಯನ 1.4 ಪಟ್ಟು ತೂಕದ ಚಂದ್ರಶೇಖರ್ ಮಿತಿಯ, ಅಂದರೆ ಶ್ವೇತಕುಬ್ಜ ತಾಳಬಲ್ಲ ಗರಿಷ್ಠ ತೂಕದ, ಹತ್ತಿರ ಬಂದ ಶ್ವೇತಕುಬ್ಜ ಇಡಿಯಾಗಿ ಉರಿದು ಚದುರುತ್ತದೆ. ತಮಾಷೆಯೆಂದರೆ ಟೈಕೋ ಕಂಡದ್ದು ಶ್ವೇತಕುಬ್ಜ ಸಿಡಿಯುವ ಈ ಬಗೆ. ನೋವಾ ಪದಕ್ಕೆ ಕಾರಣವಾದ ತಾರೆ ಇಂದಿನ ಲೆಕ್ಕದಲ್ಲಿ ನೋವಾ ಅಲ್ಲವೇ ಅಲ್ಲ!

ಕನ್ನಡದ ‘ಮಹಾನವ್ಯ’ವೂ ಅದೇ ತಪ್ಪನ್ನು ಹೊತ್ತು ತಂದಿದೆ. ಸಾಲದ್ದಕ್ಕೆ ನವ್ಯ ಎಂದೊಡನೆ ನಮಗೆ ಕಾವ್ಯ ನೆನಪಾಗುತ್ತದೆ. ಸೂಪರ್ನೋವಾ ಎಂದೇ ಬರೆಯುವುದು ಮೇಲು, ಬಹುವಚನ ಸೂಪರ್ನೋವಾಗಳು.

ಪ್ರಶ್ನೆ: ‘ಎಸ್‌ಎನ್ 2023ಐಎಕ್ಸ್‌ಎಫ್’ ಎಂಬ ಹೆಸರನ್ನು ಓದುವುದು ಹೇಗೆ?

ಉತ್ತರ: ಎಸ್‌ಎನ್ ಸೂಪರ್ನೋವಾ, 2023 ಕಂಡ ವರ್ಷ, ಉಳಿದದ್ದು ಸರದಿ. ವರ್ಷದ ಮೊದಲ 26ಕ್ಕೆ ‘ಎ’ಯಿಂದ ‘ಝಡ್’, 27ನೆಯದಕ್ಕೆ ‘ಎಎ’, 703ನೆಯದಕ್ಕೆ ‘ಎಎಎ’. ಐ 9ನೇ, ಎಕ್ಸ್ 24ನೇ, ಎಫ್ 6ನೇ ಅಕ್ಷರ: 9×676 + 24×26 + 6 = 6,714 (676 ಎಂದರೆ 26×26). ಅಷ್ಟೂ ಸೂಪರ್ನೋವಾಗಳಲ್ಲ. ಹೊಸ ಚುಕ್ಕಿ ವರದಿಯಾದಾಗ ಮೊದಲು ‘ಎಟಿ’ (ಆಸ್ಟ್ರೊನಾಮಿಕಲ್ ಟ್ರಾನ್ಸಿಯೆಂಟ್, ಅಂದರೆ ಆಕಾಶದ ತಾತ್ಕಾಲಿಕ ಬೆಳಕು) ಎಂದಿರುತ್ತದೆ. ರೋಹಿತ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ, ನೋಡಿ ಖಚಿತವಾದ ಮೇಲಷ್ಟೇ ‘ಎಸ್‌ಎನ್’ ಆಗುತ್ತದೆ. ರೋಹಿತದಲ್ಲಿ ಹೈಡ್ರೋಜನ್ ಗೆರೆಗಳಿದ್ದರೆ ಎರಡನೇ ವರ್ಗ, ಇಲ್ಲದಿದ್ದರೆ ಒಂದನೇ ವರ್ಗ. ಜಪಾನಿನ ಹವ್ಯಾಸಿ ವೀಕ್ಷಕ ಕೋಯಿಚಿ ಇತಾಗಾಕಿ ಎಂ101 ಗ್ಯಾಲಕ್ಸಿಯಲ್ಲಿ ಪತ್ತೆಹಚ್ಚಿದ ಇದು ಎರಡನೇ ವರ್ಗದ್ದು.