ಪಾಠ ಎಣಿಸುವ ಮೊದಲು ದಿನ ಎಣಿಸಿ

ಪ್ರಶ್ನೆ: 4ನೇ ತರಗತಿಗೆ ಭಾಷೆ, ಗಣಿತ, ವಿಜ್ಞಾನ, ಸಮಾಜ ನಾಲ್ಕನ್ನೂ ನಾನೊಬ್ಬಳೇ ಕಲಿಸುತ್ತೇನೆ. ತಿಂಗಳಿಗೆ ಇಷ್ಟು ಪಾಠ ಎಂದು ಹಂಚಿ ವಾರ್ಷಿಕ ಯೋಜನೆ ಬರೆಯುತ್ತೇನೆ. ಅರ್ಧ ವರ್ಷ ಕಳೆಯುವಷ್ಟರಲ್ಲಿ ಗಣಿತದಲ್ಲಿ ಮೂರು ಪಾಠ ಹಿಂದೆ ಬಿದ್ದಿರುತ್ತೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಪಾಠಗಳನ್ನು ತಿಂಗಳುಗಳಿಂದ ಭಾಗಿಸಿದಲ್ಲೇ ತಪ್ಪಿದೆ. ಎಲ್ಲ ತಿಂಗಳಲ್ಲೂ ಒಂದೇ ಅಷ್ಟು ಶಾಲಾ ದಿನಗಳಿರುವುದಿಲ್ಲ, ಎಲ್ಲ ಪಾಠಗಳ ಭಾರವೂ ಒಂದೇ ಅಲ್ಲ. ಮೊದಲು ಕ್ಯಾಲೆಂಡರ್ ಹಿಡಿದು ರಜೆ, ಪರೀಕ್ಷೆ, ಕ್ರೀಡಾಕೂಟ, ವಾರ್ಷಿಕೋತ್ಸವದ ತಯಾರಿ ಎಲ್ಲವನ್ನೂ ಹೊಡೆದುಹಾಕಿ. ತಯಾರಿಯ ದಿನಗಳನ್ನು ಹೊಡೆಯಲು ಹೆಚ್ಚಿನವರು ಮರೆಯುತ್ತಾರೆ; ಅಲ್ಲೇ ಒಂದೆರಡು ವಾರ ಸದ್ದಿಲ್ಲದೆ ಹೋಗಿರುತ್ತದೆ.

ಉಳಿದದ್ದು 36 ವಾರ, ಗಣಿತಕ್ಕೆ ವಾರಕ್ಕೆ 6 ಅವಧಿ ಎಂದಿಟ್ಟುಕೊಳ್ಳಿ. ಒಟ್ಟು 216. ಇದರಲ್ಲಿ ಶೇ 15ರಷ್ಟನ್ನು, ಅಂದರೆ ಸುಮಾರು 32 ಅವಧಿಯನ್ನು ಯಾವ ಪಾಠಕ್ಕೂ ಕೊಡದೆ ಖಾಲಿ ಬಿಡಿ. ಈ ಖಾಲಿ ಅವಧಿಗಳನ್ನು ವರ್ಷದ ಕೊನೆಗೆ ಕೂಡಿಡಬೇಡಿ, 6 ವಾರಕ್ಕೆ ಐದಾರರಂತೆ ಹರಡಿ. ಕೊನೆಗಿಟ್ಟರೆ ಎರಡನೇ ತಿಂಗಳಲ್ಲಿ ಬಿದ್ದ ಬಿರುಕನ್ನು ಹತ್ತನೇ ತಿಂಗಳಲ್ಲಿ ಮುಚ್ಚಲು ಹೊರಟಂತಾಗುತ್ತದೆ, ಅಷ್ಟರಲ್ಲಿ ಅದರ ಮೇಲೆ ಆರು ಪಾಠ ಕಟ್ಟಿಯಾಗಿರುತ್ತದೆ. ಆರಂಭದ 2 ವಾರ, 12 ಅವಧಿ, ಹಿಂದಿನ ತರಗತಿಯದ್ದನ್ನು ಪರೀಕ್ಷಿಸಿ ಸರಿಪಡಿಸಲು ಬೇಕು. ಕೈಯಲ್ಲಿ ಉಳಿಯುವುದು 172.

ಪುಸ್ತಕದಲ್ಲಿ 14 ಪಾಠಗಳಿದ್ದರೆ ಸರಾಸರಿ 12 ಅವಧಿ ಬರುತ್ತದೆ, ಆದರೆ ಸರಾಸರಿಯಂತೆ ಹಂಚಬೇಡಿ. ಆಕೃತಿಗಳು 7 ಅವಧಿಯಲ್ಲಿ ಮುಗಿಯಬಹುದು. ಭಾಗಾಕಾರಕ್ಕೆ 20, ಭಿನ್ನರಾಶಿಗೆ 22 ಕೊಟ್ಟರೂ ಹೆಚ್ಚಲ್ಲ. ಭಾಗಾಕಾರದ ಒಂದೇ ಲೆಕ್ಕದಲ್ಲಿ ಮಗು ಅಂದಾಜು ಮಾಡಬೇಕು, ಗುಣಿಸಬೇಕು, ಕಳೆಯಬೇಕು, ಮುಂದಿನ ಅಂಕಿ ಇಳಿಸಬೇಕು. ನಾಲ್ಕರಲ್ಲಿ ಒಂದು ಸಡಿಲವಿದ್ದರೂ ಉತ್ತರ ತಪ್ಪುತ್ತದೆ, ನಾವು ‘ಭಾಗಾಕಾರ ಬಾರದು’ ಎಂದು ಬರೆದುಕೊಳ್ಳುತ್ತೇವೆ.

ಮೊದಲ ವಾರದಲ್ಲೇ ಈ ಸಡಿಲ ಎಲ್ಲಿದೆಯೆಂದು ನೋಡಲು ಉದ್ದದ ಪ್ರಶ್ನೆಪತ್ರಿಕೆ ಬೇಡ. 402ರಲ್ಲಿ 178 ಕಳೆಯಲು ಹೇಳಿ. 376 ಎಂದು ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಅದಕ್ಕೆ ದಶಕ ಬಿಡಿಸುವುದು ಎಂದರೇನೆಂದೇ ಗೊತ್ತಿಲ್ಲ. ಇದು ಅಜಾಗರೂಕತೆ ಅಲ್ಲ, ಮಗು ನಂಬಿಕೊಂಡಿರುವ ನಿಯಮ. ಇನ್ನೂ ಇಪ್ಪತ್ತು ಲೆಕ್ಕ ಮಾಡಿಸಿದರೆ ತಪ್ಪು ನಿಯಮವೇ ಗಟ್ಟಿಯಾಗುತ್ತದೆ. ಹತ್ತರ ಕಟ್ಟು, ಬಿಡಿ ಕಡ್ಡಿಗಳಿಗೆ ಹಿಂದಿರುಗಿ, ಒಂದು ಕಟ್ಟನ್ನು ಅದರ ಕೈಯಿಂದಲೇ ಬಿಚ್ಚಿಸಬೇಕು. 224 ಬರೆದವರು ಮುಂದೆ ಹೋಗಲಿ.

ಇನ್ನು ಕ್ರಮ. ಸ್ಥಾನಬೆಲೆ, ಸಂಕಲನ-ವ್ಯವಕಲನ, ಗುಣಾಕಾರ, ಭಾಗಾಕಾರ, ಭಿನ್ನರಾಶಿ, ದಶಮಾಂಶ ಒಂದರ ಹೆಗಲ ಮೇಲೆ ಇನ್ನೊಂದು ನಿಂತಿವೆ, ಹಿಂದುಮುಂದು ಮಾಡುವಂತಿಲ್ಲ. ಆಕೃತಿ, ಗಡಿಯಾರ, ವಿನ್ಯಾಸಗಳನ್ನು ಎಲ್ಲಿ ಬೇಕಾದರೂ ಸರಿಸಬಹುದು. ಪರೀಕ್ಷೆ ಮುಗಿದ ವಾರಕ್ಕೆ, ರಜೆಗೆ ಮುಂಚಿನ ನಾಲ್ಕೈದು ದಿನಕ್ಕೆ ಇವನ್ನು ಇಡಿ. ದೀರ್ಘ ರಜೆಗೆ ಒಂದು ವಾರವಿರುವಾಗ ಭಾಗಾಕಾರ ಆರಂಭಿಸಿದರೆ ರಜೆಯ ನಂತರ ಮತ್ತೆ ಮೊದಲಿಂದ ಹೇಳಬೇಕಾಗುತ್ತದೆ.

ಮಗ್ಗಿಯನ್ನು ಗುಣಾಕಾರದ ಪಾಠ ಬರುವವರೆಗೆ ಕಾಯಿಸಬೇಡಿ, ಮೊದಲ ತಿಂಗಳಿಂದಲೇ ದಿನಕ್ಕೆ 5 ನಿಮಿಷ ಕೊಡಿ. 10ರವರೆಗಿನ ನೂರು ಗುಣಲಬ್ಧಗಳು ನೋಡಲು ಬೆಟ್ಟದಂತಿವೆ. 3×7, 7×3 ಒಂದೇ ಎಂದು ತಿಳಿದರೆ 55 ಉಳಿಯುತ್ತವೆ. 1, 2, 5, 10ರ ಮಗ್ಗಿ ಬಂದವರಿಗೆ ಕಲಿಯಲು ಉಳಿಯುವುದು 21 ಮಾತ್ರ. ಆ 21ನ್ನು ಗೋಡೆಗೆ ಬರೆದು ಹಾಕಿ, ವಾರಕ್ಕೆರಡರಂತೆ ಹನ್ನೊಂದು ವಾರದಲ್ಲಿ ಎಲ್ಲವೂ ಒಂದು ಸುತ್ತು ಬರುತ್ತವೆ.

ಪ್ರಶ್ನೆ: ಘಟಕ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದ ಮಕ್ಕಳೇ ಎರಡು ತಿಂಗಳ ನಂತರ ಅದೇ ಪಾಠ ಮರೆತಿರುತ್ತಾರೆ. ಪುನರಾವರ್ತನೆಗೆ ಎಷ್ಟು ದಿನ ಇಡಬೇಕು?

ಉತ್ತರ: ದಿನಗಳನ್ನು ಇಡಬೇಡಿ, ನಿಮಿಷಗಳನ್ನು ಇಡಿ. ಕಲಿತದ್ದು ಮರೆವಿಗೆ ಜಾರುವ ವೇಗವನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ಪ್ರಕಟಿಸಿದ್ದರು. ಒಂದೇ ಸಲ ಬಹಳ ಹೊತ್ತು ಉರುಹೊಡೆಯುವುದಕ್ಕಿಂತ ಅದೇ ಶ್ರಮವನ್ನು ದಿನಗಳ ಅಂತರದಲ್ಲಿ ಹರಡಿದರೆ ನೆನಪು ನಿಲ್ಲುತ್ತದೆ. ತರಗತಿಗೆ ಇದನ್ನು ಇಳಿಸುವ ಸುಲಭ ದಾರಿ: ಗಣಿತದ ಪ್ರತಿ ಅವಧಿಯ ಮೊದಲ 8 ನಿಮಿಷ ಐದು ಪ್ರಶ್ನೆ. ಎರಡು ನಿನ್ನೆಯವು, ಎರಡು ಕಳೆದ ತಿಂಗಳವು, ಒಂದು ಇನ್ನೂ ಹಳೆಯದು. ಪುಸ್ತಕ, ನೋಟ್ ಬುಕ್ ಮುಚ್ಚಿರಬೇಕು. ನೋಡಿ ಬರೆದರೆ ನೆನಪಿನಿಂದ ಎತ್ತುವ ಕೆಲಸವೇ ನಡೆಯುವುದಿಲ್ಲ. ಅಂಕ ಕೊಡಬೇಡಿ. ಮಕ್ಕಳೇ ತಿದ್ದಿಕೊಳ್ಳಲಿ. ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಎಡವಿದ ಪ್ರಶ್ನೆಯನ್ನು ಗುರುತು ಹಾಕಿಡಿ. ಮೇಲೆ ಹೇಳಿದ ಖಾಲಿ ಅವಧಿಗಳು ಅದಕ್ಕೇ ಇರುವುದು.

ಪ್ರಶ್ನೆ: ಭಾಷೆಯ ಪಾಠಗಳು ಸಮಯಕ್ಕೆ ಮುಗಿಯುತ್ತವೆ, ಆದರೂ ಆರೇಳು ಮಕ್ಕಳಿಗೆ ಓದಲು ಬಾರದು. ಯೋಜನೆಯಲ್ಲಿ ಏನು ಬದಲಿಸಲಿ?

ಉತ್ತರ: ಪಾಠ ಮುಗಿಸುವುದು ಬೇರೆ, ಓದು ಬೆಳೆಸುವುದು ಬೇರೆ, ಎರಡಕ್ಕೂ ಪ್ರತ್ಯೇಕ ಸಮಯ ಬೇಕು. ವಾರಕ್ಕೆ 8 ಅವಧಿಯಿದ್ದರೆ 4 ಪಾಠಕ್ಕೆ, 2 ಬರವಣಿಗೆಗೆ, 2 ಮಕ್ಕಳ ಮಟ್ಟದ ಓದಿಗೆ ಕೊಡಿ. ವರ್ಷದಲ್ಲಿ ಮೂರು ಸಲ ಪ್ರತಿ ಮಗುವಿನಿಂದ ಓದದ ಹೊಸ ಭಾಗವೊಂದನ್ನು ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಎಣಿಸಿ ಬರೆದಿಡಿ. ಇಂಗ್ಲಿಷ್ ಓದಿಗೆ ಮಾಡಿದ ಪಟ್ಟಿಗಳ ಜತೆ ಆ ಸಂಖ್ಯೆಯನ್ನು ಹೋಲಿಸಬಾರದು, ನಮ್ಮ ಪದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ. ಮಗುವಿನ ಹಿಂದಿನ ಓದೇ ಅಳತೆಗೋಲು.

ಸಂಖ್ಯೆಗಿಂತ ಮುಖ್ಯ, ಎಲ್ಲಿ ನಿಂತಿತು ಎಂಬುದು. 34 ವ್ಯಂಜನಗಳ ಕಾಗುಣಿತವೇ ನಾನೂರಕ್ಕೂ ಹೆಚ್ಚು ರೂಪ, ಅದರ ಮೇಲೆ ಒತ್ತಕ್ಷರ. ಓದಲು ಬಾರದೆಂದು ಒಟ್ಟಾಗಿ ಬರೆದ ಮಕ್ಕಳಲ್ಲಿ ಒಬ್ಬನಿಗೆ ದೀರ್ಘಸ್ವರ ಗುರುತಿಸಲು ಬಾರದಿರಬಹುದು, ಇನ್ನೊಬ್ಬಳಿಗೆ ವಿಜಾತೀಯ ಒತ್ತು ತೊಡಕಾಗಿರಬಹುದು. ‘ಅಕ್ಕ’ ಓದಿ ‘ಭಕ್ತಿ’ಯಲ್ಲಿ ನಿಂತವಳಿಗೆ ಮತ್ತೆ ಅ ಆ ಇ ಈ ತಿದ್ದಿಸುವುದು ಅವಳ ಸಮಯಕ್ಕೆ ಮಾಡುವ ಅನ್ಯಾಯ. ಅಡಚಣೆಯ ಪ್ರಕಾರ ಚಿಕ್ಕ ಗುಂಪು ಮಾಡಿ, ದಿನಕ್ಕೆ 10 ನಿಮಿಷ, 4 ವಾರ. ಆಮೇಲೆ ಗುಂಪು ಬದಲಿಸಿ.

ಪ್ರಶ್ನೆ: ವಿಜ್ಞಾನ, ಸಮಾಜವನ್ನು ಪುಸ್ತಕದ ಕ್ರಮದಲ್ಲೇ ಮಾಡಬೇಕೆ?

ಉತ್ತರ: ಬೇಕಿಲ್ಲ. ಆದರೆ ಅವಕ್ಕೆ ಗಣಿತದಿಂದ ಏನು ಬೇಕೆಂದು ನೋಡಿಕೊಂಡು ಸರಿಸಿ. ಗಿಡದ ಎತ್ತರ ಅಳೆಯುವ ಚಟುವಟಿಕೆಗೆ ಮೊದಲು ಸೆಂಟಿಮೀಟರ್ ಬಂದಿರಬೇಕು, ಇಲ್ಲವಾದರೆ ವಿಜ್ಞಾನದ ಅವಧಿ ಸ್ಕೇಲ್ ಹಿಡಿಯುವುದನ್ನು ಕಲಿಸುವುದರಲ್ಲೇ ಹೋಗುತ್ತದೆ. ನಿಧಾನವಾಗಿ ನಡೆಯುವುದನ್ನು ಪಾಠಕ್ಕೆ ಮುಂಚೆಯೇ ಆರಂಭಿಸಿ. ಚಂದ್ರ ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಬರಲು ಸುಮಾರು 29.5 ದಿನ ಬೇಕು, ಹಾಗಾಗಿ ಚಂದ್ರನ ಪಾಠಕ್ಕೆ ಐದು ವಾರ ಮುಂಚೆ ಮಕ್ಕಳು ಆಕಾಶ ನೋಡಿ ಚಿತ್ರ ಬರೆಯಲು ಶುರು ಮಾಡಿರಲಿ. ಬೀಜವನ್ನೂ ಪಾಠದ ದಿನ ಬಿತ್ತಿದರೆ ಪಾಠ ಮುಗಿದ ಮೇಲೆ ಮೊಳಕೆ ಕಾಣುತ್ತದೆ.

ಇತಿಹಾಸಕ್ಕೆ ಮುಂಚೆ ಕಾಲರೇಖೆ ಕಟ್ಟಿ. 10 ಮೀಟರ್ ಹಗ್ಗ ಸಾವಿರ ವರ್ಷವಾದರೆ 1 ಸೆಂಟಿಮೀಟರ್ ಒಂದು ವರ್ಷ. ಒಂಬತ್ತು ವರ್ಷದ ಮಗುವಿನ ಬದುಕು ತುದಿಯ 9 ಸೆಂಟಿಮೀಟರ್. ‘ಬಹಳ ಹಿಂದೆ’ ಎಂದರೆ ಎಷ್ಟು ಹಿಂದೆ ಎಂಬುದು ಆಗಲೇ ಅವರ ಕಣ್ಣಿಗೆ ಬೀಳುವುದು. ವರ್ಷವಿಡೀ ಹಗ್ಗ ಅಲ್ಲೇ ಇರಲಿ.

ಪ್ರಶ್ನೆ: ಒಂದೇ ಕೋಣೆಯಲ್ಲಿ 3, 4ನೇ ತರಗತಿ ಎರಡೂ ಇದ್ದರೆ?

ಉತ್ತರ: ನಿಯಮ ಅವಕಾಶ ಕೊಟ್ಟರೆ ವಿಜ್ಞಾನ, ಸಮಾಜವನ್ನು ಎರಡು ವರ್ಷದ ಚಕ್ರ ಮಾಡಿ: ಈ ವರ್ಷ ಇಬ್ಬರಿಗೂ ಒಂದು ಪುಸ್ತಕದ ವಿಷಯ, ಮುಂದಿನ ವರ್ಷ ಇನ್ನೊಂದು, ಬರೆಯುವ ಕೆಲಸವನ್ನಷ್ಟೇ ಮಟ್ಟಕ್ಕೆ ತಕ್ಕಂತೆ ಬೇರೆ ಮಾಡಿ. ಗಣಿತದಲ್ಲಿ ಹೀಗೆ ಮಾಡಲಾಗದು. ಅಲ್ಲಿ ಒಂದು ತರಗತಿಗೆ 20 ನಿಮಿಷ ಹೊಸದನ್ನು ಹೇಳುವಾಗ ಇನ್ನೊಂದು ಈಗಾಗಲೇ ಗೊತ್ತಿರುವುದನ್ನು ಅಭ್ಯಾಸ ಮಾಡುತ್ತಿರಲಿ, ಆಮೇಲೆ ಅದಲುಬದಲು. ಗೊತ್ತಿಲ್ಲದ್ದನ್ನು ಅಭ್ಯಾಸಕ್ಕೆ ಕೊಟ್ಟರೆ ಐದೇ ನಿಮಿಷಕ್ಕೆ ಎದ್ದು ನಿಮ್ಮ ಬಳಿ ಬರುತ್ತಾರೆ.